ಇಂಗ್ಲೆಂಡಿನಲ್ಲಿ ಮಗನ ಕೆಲಸದ ಹುಡುಕಾಟ

ಇಂಗ್ಲೆಂಡಿಗೆ ಬಂದ ಮೇಲೆ ನನಗಿಂತ ಮೊದಲು ಕೆಲಸ ಹುಡುಕಲು ಹೊರಟವನು ನನ್ನ ಮಗ. ವಯಸ್ಸು 15. ಇಲ್ಲಿ 13 ತುಂಬಿದವರು ಮನೆಮನೆಗೆ ಪೇಪರ್ ಹಾಕೋದು, ಅಂಗಡಿಯಲ್ಲಿ ಸಾಮಾನು ಜೋಡಿಸೋದು ಇಂಥ ಕೆಲಸ ಮಾಡಬಹುದು, ಆದರೆ ಶಾಲೆ ಇರುವ ದಿನ 2 ಗಂಟೆಗಿಂತ ಜಾಸ್ತಿ ಇಲ್ಲ, ಬೆಳಿಗ್ಗೆ 7ಕ್ಕೆ ಮೊದಲೂ ಇಲ್ಲ, ಸಂಜೆ 7ರ ನಂತರವೂ ಇಲ್ಲ. ಹೆಚ್ಚಿನ ಕಡೆ ಸ್ಥಳೀಯ ಆಡಳಿತವಾದ ಕೌನ್ಸಿಲ್‌ನ ಪರ್ಮಿಟ್ ಬೇಕು. ಅರ್ಜಿ ಹಾಕಬೇಕಾದವರು ಕೆಲಸ ಕೊಡುವವರು. "ಅದೆಲ್ಲ ಯಾಕೆ, ಕೈಗೇ ಕಾಸು ಕೊಡ್ತೀನಿ" ಎಂದ ಅಂಗಡಿಯವನಿಗೆ ದೊಡ್ಡ ನಮಸ್ಕಾರ ಹಾಕಿ ಬಂದೆವು.

ಶಾಲೆಯ ವಯಸ್ಸಿನವರಿಗೆ ಕನಿಷ್ಠ ವೇತನವೇ ಇಲ್ಲ! ಅದು ದಾಟಿದರೂ, 2025ರ ಏಪ್ರಿಲ್‌ನ ದರದಲ್ಲಿ, 18ರೊಳಗಿನವರಿಗೆ ಗಂಟೆಗೆ 7.55 ಪೌಂಡ್, 21 ಆದವರಿಗೆ 12.21. ಅದೇ ಕೆಲಸ, ಅದೇ ಬೆವರು. ಅನ್ಯಾಯ ಅಲ್ವಾ?

ಸದ್ಯ ಹೂವಿನಂಗಡಿಯೊಂದರವರು ಶನಿವಾರಕ್ಕೆ ಒಪ್ಪಿದ್ದಾರೆ. ಪರ್ಮಿಟ್ ಬರಬೇಕಷ್ಟೆ.