ಮಾರ್ಗದರ್ಶಿಯಿಲ್ಲದೆ ಆಲ್ಪ್ಸ್ ನಡಿಗೆ: ಕಲಬುರಗಿಯಿಂದ ಹೊರಡುವವರಿಗೆ

ಹಗಲೆಲ್ಲ ನಡೆದು, ರಾತ್ರಿ ಪರ್ವತದ ವಸತಿಗೃಹದಲ್ಲಿ ತಂಗಿ, ಮರುದಿನ ಮುಂದಿನದಕ್ಕೆ ಹೊರಡುವ ಆಲ್ಪ್ಸ್ ಚಾರಣ ನಮ್ಮ ಬಿಸಿಲುನಾಡಿನವರಿಗೂ ಸಾಧ್ಯ. ಆದರೆ ಸಿದ್ಧತೆ ಮೊಣಕಾಲಿನಿಂದ ಆರಂಭವಾಗಬೇಕು. ಫ್ರಾನ್ಸ್, ಇಟಲಿ, ಸ್ವಿಟ್ಜರ್ಲೆಂಡ್‌ಗಳಲ್ಲಿ ಹಾದು ಮೋಂ ಬ್ಲಾಂ ಪರ್ವತವನ್ನು ಸುತ್ತುವ ಹಾದಿ ಸುಮಾರು 170 ಕಿಲೋಮೀಟರ್ ಉದ್ದವಿದ್ದು, ಒಟ್ಟು ಏರು ಸುಮಾರು 10,000 ಮೀಟರ್‌ಗಳಷ್ಟಾಗುತ್ತದೆ. ಅಷ್ಟೇ ಇಳಿಯಬೇಕು ಎಂಬುದನ್ನು ಹೆಚ್ಚಿನವರು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಕಲಬುರಗಿ ಕೋಟೆ ಸಮತಟ್ಟಾದ ನೆಲದಲ್ಲಿರುವುದರಿಂದ, ಹೆಗಲಿಗೆ ಭಾರ ಹಾಕಿಕೊಂಡು ಏರಿಳಿಯಲು ನಾನು ಯಾದಗಿರಿ ಕೋಟೆಯ ಬೆಟ್ಟವನ್ನೇ ಆರಿಸಿಕೊಂಡೆ.

ಸ್ವಿಟ್ಜರ್ಲೆಂಡಿನ ಹಳದಿ ಫಲಕಗಳು ಸಾಮಾನ್ಯವಾಗಿ ದೂರವನ್ನಲ್ಲ, ನಡೆಯಲು ಬೇಕಾದ ಸಮಯವನ್ನು ತಿಳಿಸುತ್ತವೆ. ಅದರಲ್ಲಿ ವಿಶ್ರಾಂತಿಯ ಹೊತ್ತು ಸೇರಿರುವುದಿಲ್ಲ. ಬಂಡೆಯ ಮೇಲಿನ ಬಿಳಿ-ಕೆಂಪು-ಬಿಳಿ ಪಟ್ಟಿ ಪರ್ವತದ ಕಾಲುದಾರಿಯ ಗುರುತು. ಬಿಳಿ-ನೀಲಿ-ಬಿಳಿ ಕಂಡರೆ ಅದು ಅನುಭವಿಗಳ ದಾರಿ. ಬೇಸಿಗೆಯ ಮಧ್ಯಾಹ್ನಗಳಲ್ಲಿ ಗುಡುಗು-ಮಿಂಚಿನ ಭಯವಿರುವುದರಿಂದ ಎತ್ತರದ ಕಣಿವೆಮಾರ್ಗಗಳನ್ನು ಬೆಳಿಗ್ಗೆಯೇ ದಾಟುವುದು ಕ್ಷೇಮ.

ವಸತಿಗೃಹಗಳಲ್ಲಿ ಹಾಸಿಗೆಯನ್ನು ಮೊದಲೇ ಕಾಯ್ದಿರಿಸಬೇಕು. ಬರಲಾಗದಿದ್ದರೆ ತಿಳಿಸಲೇಬೇಕು, ಏಕೆಂದರೆ ದಾರಿ ತಪ್ಪಿದ್ದೀರೆಂದು ಹುಡುಕಾಟ ಶುರುವಾಗಬಹುದು. ಬೂಟುಗಳನ್ನು ಬಾಗಿಲ ಬಳಿಯ ಕಪಾಟಿನಲ್ಲಿ ಬಿಟ್ಟು, ನಾವೇ ಒಯ್ದ ತೆಳು ಮಲಗುಚೀಲದೊಳಗೆ ಮಲಗಬೇಕು. ಸಸ್ಯಾಹಾರಿಗಳು ಅದನ್ನು ಕಾಯ್ದಿರಿಸುವಾಗಲೇ ಹೇಳಬೇಕು. ಶೇಂಗಾ ಹಿಂಡಿ ಒಯ್ಯಬಹುದು. ಖಡಕ್ ರೊಟ್ಟಿ ಮಾತ್ರ ಮೊದಲ ಇಳಿಜಾರಿನಲ್ಲೇ ಚೀಲದೊಳಗೆ ಪುಡಿಯಾಗುತ್ತದೆ.