ಬೇಲಿಯಾಚೆಯ ಕುಂಬಳಕಾಯಿ

ನಿನ್ನೆ ನಮ್ಮ ಚರ್ಚಿನ ಸಭೆಯಲ್ಲಿ ಸುಗ್ಗಿ ಹಬ್ಬ. ಬೈಬಲಿನ ಲೂಕನ ಸುವಾರ್ತೆಯ 10ನೇ ಅಧ್ಯಾಯ, ಒಳ್ಳೆಯ ಸಮಾರ್ಯದವನ ಕಥೆಯ ಮೇಲೆ ಪ್ರಸಂಗ ಮಾಡಿದೆ. 'ನನ್ನ ನೆರೆಯವನು ಯಾರು?' ಎಂದು ಧರ್ಮೋಪದೇಶಕ ಕೇಳುತ್ತಾನೆ. ಕಳ್ಳರಿಂದ ಗಾಯಗೊಂಡು ದಾರಿಯಲ್ಲಿ ಬಿದ್ದವನನ್ನು ಯೆಹೂದ್ಯ ಯಾಜಕನೇ ನೋಡಿ ದಾಟಿಹೋದಾಗ, ಸಮಾರ್ಯದವನೊಬ್ಬ ಆರೈಕೆ ಮಾಡಿದ ಕಥೆ ಹೇಳಿ, ಯೇಸು ಪ್ರಶ್ನೆಯನ್ನೇ ತಿರುಗಿಸಿ, ಗಾಯಗೊಂಡವನಿಗೆ ನೆರೆಯವನಾದವನು ಯಾರು ಎಂದು ಅವನನ್ನೇ ಕೇಳುತ್ತಾನೆ. ಯೆಹೂದ್ಯರಿಗೂ ಸಮಾರ್ಯದವರಿಗೂ ಬಳಕೆಯೇ ಇರದಿದ್ದ ಕಾಲವದು. ಚೆನ್ನಾಗಿಯೇ ಹೇಳಿದೆ ಅಂದುಕೊಂಡೆ (ಸಭಾಪಾಲಕರಿಗೂ ಈ ಚಪಲ ಇರುತ್ತದೆ).

ಆರಾಧನೆ ಮುಗಿದ ಮೇಲೆ ಕಾಣಿಕೆಗಳ ಹರಾಜು. ತೆಂಗಿನಕಾಯಿ, ಬಾಳೆಗೊನೆ, ಕಾಲು ಕಟ್ಟಿದ ಎರಡು ಹುಂಜಗಳು. ಕೊನೆಗೆ ಬಂದ ದೊಡ್ಡ ಸಿಹಿಗುಂಬಳ ಒಂಬೈನೂರು ರೂಪಾಯಿಗೆ ಹೋಯಿತು! ತಂದವರು ಯಾರೆಂದು ಕೇಳಿದರೆ, ಚರ್ಚಿನ ಬೇಲಿಯಾಚೆಯ ಅಜ್ಜಿ. ನಮ್ಮ ಸಭೆಯವರಲ್ಲ. ಪ್ರತಿ ವರ್ಷ ಕಳುಹಿಸುತ್ತಾರಂತೆ. ನಾನು ಇಲ್ಲಿಗೆ ಬಂದು ನಾಲ್ಕು ವರ್ಷವಾಯಿತು. ಅವರ ಹೆಸರು ನನಗೆ ಗೊತ್ತಿರಲಿಲ್ಲ.

ಸಂಜೆ ಹೋಗಿ ಬಾಗಿಲು ತಟ್ಟಿದೆ. ಮಜ್ಜಿಗೆ ಕೊಟ್ಟರು. "ಅಯ್ಯನವರೇ, ಆ ಕಾಯಿಯ ಬೀಜ ಎಸೆಯಬೇಡಿ, ನನಗೇ ಬೇಕು" ಎಂದರು.

ಹರಾಜಿನಲ್ಲಿ ಕುಂಬಳಕಾಯಿ ಕೂಗಿಕೊಂಡವರು ದಯವಿಟ್ಟು ಇಂದೇ ನನಗೆ ಫೋನ್ ಮಾಡಿ.