ಗೋಲಗುಮ್ಮಟದಂಥ ಲೈಬ್ರರಿ ಕಟ್ಟಿದೆವು, ಬಂದವರು ಹೊರಗೆ ಹೋಗುವ ದಾರಿ ಕೇಳಿದರು

ರಾತ್ರಿ ಎಂಟೂವರೆ. ಊಟ ಮುಗಿಸಿ ಲ್ಯಾಪ್‌ಟಾಪ್ ತೆರೆದು ಕೂತಿದ್ದೆ. ಪರದೆಯ ಮೇಲೆ ದೊಡ್ಡ ಗುಮ್ಮಟ. ಅದರ ಕೆಳಗೆ ಒಂದು ಮೇಜು. ಮೇಜಿನ ಹಿಂದೆ ನೀಲಿ ಸೀರೆ ಉಟ್ಟ ಪುಟ್ಟ ಗೊಂಬೆ. ಆ ಗೊಂಬೆ ನಾನೇ. ನಲವತ್ತು ನಿಮಿಷದಿಂದ ಹಾಗೇ ನಿಂತಿದ್ದೆ, ಒಬ್ಬರೂ ಬಂದಿರಲಿಲ್ಲ. ಕೊನೆಗೆ ಹಳದಿ ಅಂಗಿಯವನೊಬ್ಬ ಬಾಗಿಲಿನಿಂದ ಒಳಗೆ ಬಂದ. ಎರಡು ಸಲ ಗೋಡೆಗೆ ಡಿಕ್ಕಿ ಹೊಡೆದ. ಆಮೇಲೆ ಚಾಟ್‌ನಲ್ಲಿ ಬರೆದ: "ಮೇಡಂ, ಇಲ್ಲಿಂದ ಹೊರಗ ಹೋಗೂದು ಹೆಂಗ್ರಿ?"

ನಮ್ಮ ವರ್ಚುವಲ್ ಲೈಬ್ರರಿಗೆ ಬಂದ ಮೊದಲ ಪ್ರಶ್ನೆ ಅದು.

ನಾನು ವಿಜಯಪುರದ ಒಂದು ಡಿಗ್ರಿ ಕಾಲೇಜಿನಲ್ಲಿ ಲೈಬ್ರೇರಿಯನ್. ಹತ್ತೊಂಬತ್ತು ವರ್ಷ ಆಯಿತು. ಈ ಗುಮ್ಮಟದ ಕಥೆ ಶುರುವಾಗಿದ್ದು ನಮ್ಮ ಪ್ರಿನ್ಸಿಪಾಲರು ಯಾವುದೋ ಕಾರ್ಯಾಗಾರಕ್ಕೆ ಹೋಗಿ ಬಂದ ಮೇಲೆ. ಅಲ್ಲಿ 'ಮೆಟಾವರ್ಸ್' ಅನ್ನುವ ಶಬ್ದ ಅವರ ಕಿವಿಗೆ ಬಿದ್ದಿತ್ತು. ಅಂದರೆ ಜನ ಗೊಂಬೆಯ ರೂಪದಲ್ಲಿ ಓಡಾಡುವ ಕಂಪ್ಯೂಟರ್ ಲೋಕ. ಕಾಲೇಜುಗಳಿಗೆ ಗ್ರೇಡ್ ಕೊಡುವ ನ್ಯಾಕ್ ತಂಡ ಬರುವುದಿತ್ತು. ಫೈಲಿಗೆ ಏನಾದರೂ ಹೊಸದು ಬೇಕಿತ್ತು. "ಮೇಡಂ, ನಮ್ಮ ಲೈಬ್ರರಿನೂ ಅದರಾಗ ಬರ್ಬೇಕ್ ನೋಡ್ರಿ" ಅಂದರು. ನಾನೂ ಹೂಂ ಅಂದೆ. ಸುಳ್ಳು ಯಾಕೆ ಹೇಳಲಿ, ನನಗೂ ಆಸೆ ಇತ್ತು.

ಕಂಪ್ಯೂಟರ್ ಸೈನ್ಸ್‌ನ ಮೂವರು ಹುಡುಗರು ಕಟ್ಟಲು ಮುಂದೆ ಬಂದರು. ವಿಜಯಪುರದ ಹುಡುಗರಿಗೆ ಏನಾದರೂ ಕಟ್ಟಿ ಅಂದರೆ ಏನು ಕಟ್ಟುತ್ತಾರೆ ಹೇಳಿ? ಗೋಲಗುಮ್ಮಟವೇ. ನಡುವೆ ಒಂದು ಕಂಬವೂ ಇಲ್ಲದೆ ಅಷ್ಟು ದೊಡ್ಡ ಗುಮ್ಮಟ ಹೇಗೆ ನಿಂತಿದೆ ಅಂತ ನೋಡಲು ಎರಡು ಭಾನುವಾರ ಅಲ್ಲೇ ಕಳೆದರು. ಉಚಿತವಾಗಿ ಸಿಗುವ, ಇಟ್ಟಿಗೆಯ ಮೇಲೆ ಇಟ್ಟಿಗೆ ಜೋಡಿಸಿ ಕಟ್ಟುವ ಒಂದು ಆಟದ ಲೋಕದಲ್ಲಿ ಮೊದಲು ಕೆಲಸ ಶುರುವಾಯಿತು. ಗುಮ್ಮಟ ಚೆನ್ನಾಗಿ ಎದ್ದಿತು. ಬಾಗಿಲ ಮೇಲೆ ಬೋರ್ಡ್ ಹಾಕಿದಾಗ ಕೆಟ್ಟಿತು. 'ಗ್ರಂಥಾಲಯ' ಅಂತ ಟೈಪ್ ಮಾಡಿದರೆ ಗ ಒಂದು ಕಡೆ, ರ ಇನ್ನೊಂದು ಕಡೆ, ಸೊನ್ನೆ ಎಲ್ಲೋ ದೂರದಲ್ಲಿ. ಕನ್ನಡದಲ್ಲಿ ಅಕ್ಷರದ ಕೆಳಗೆ ಒತ್ತಕ್ಷರ ಕೂರಬೇಕು, ಗುಣಿತಾಕ್ಷರದಲ್ಲಿ ಅಕ್ಷರದ ಆಕಾರವೇ ಬದಲಾಗಬೇಕು. ಅದಕ್ಕೆ ಫಾಂಟ್ ಇದ್ದರೆ ಸಾಲದು, ಅಕ್ಷರಗಳನ್ನು ಜೋಡಿಸುವ ಒಂದು ಪದರ ಸಾಫ್ಟ್‌ವೇರ್‌ನೊಳಗೇ ಇರಬೇಕು. ಎಷ್ಟೋ ಆಟದ ಲೋಕಗಳಲ್ಲಿ ಅದು ಇರುವುದಿಲ್ಲ. ಇಂಗ್ಲಿಷಿನಲ್ಲಿ ಬರೆದುಬಿಡೋಣ ಅಂದರು ಹುಡುಗರು. ನಾನು ಒಪ್ಪಲಿಲ್ಲ. ಕೊನೆಗೆ ಬೋರ್ಡುಗಳನ್ನೆಲ್ಲ ಹೊರಗೆ ಚಿತ್ರವಾಗಿ ಮಾಡಿ ತಂದು ಗೋಡೆಗೆ ಅಂಟಿಸಿದೆವು. ಚಾಟ್‌ಗೆ ಆ ಉಪಾಯ ನಡೆಯಲಿಲ್ಲ. ಹೀಗಾಗಿ ಎರಡು ತಿಂಗಳ ಕೆಲಸ ಬಿಟ್ಟು, ಬ್ರೌಸರ್‌ನಲ್ಲೇ ತೆರೆಯುವ ಬೇರೊಂದು ವೇದಿಕೆಗೆ ಹೋದೆವು. ಅಲ್ಲಿ ಕನ್ನಡ ಸರಿಯಾಗಿ ಮೂಡುತ್ತಿತ್ತು. ನೀವೇನಾದರೂ ಇಂಥದ್ದಕ್ಕೆ ಕೈ ಹಾಕುವುದಾದರೆ ಮೊದಲ ದಿನವೇ 'ಸ್ತ್ರೀ', 'ರಾಷ್ಟ್ರ' ಅಂತ ಟೈಪ್ ಮಾಡಿ ನೋಡಿ. ಗೋಡೆ ಕಟ್ಟುವುದು ಆಮೇಲೆ.

2024ರ ಆಗಸ್ಟ್ 12ರಂದು ಉದ್ಘಾಟನೆ ಇಟ್ಟುಕೊಂಡೆವು. ಆ ದಿನ, ನಮ್ಮ ದೇಶದ ಗ್ರಂಥಾಲಯ ವಿಜ್ಞಾನಕ್ಕೆ ತಳಪಾಯ ಹಾಕಿದ ಎಸ್.ಆರ್. ರಂಗನಾಥನ್ ಅವರ ನೆನಪಿನ ಗ್ರಂಥಪಾಲಕರ ದಿನ. ಪ್ರಿನ್ಸಿಪಾಲರ ಗೊಂಬೆ ಪರದೆಯ ಮೇಲೆ ರಿಬ್ಬನ್ ಕತ್ತರಿಸಿತು. ನಲವತ್ತಕ್ಕೂ ಜಾಸ್ತಿ ಜನ ಸೇರಿದ್ದರು. ಆ ವೇದಿಕೆಯಲ್ಲಿ ಮಾತು ಎಷ್ಟು ದೂರ ಕೇಳಬೇಕು ಅಂತ ನಾವೇ ಹೊಂದಿಸಬಹುದು. ಹುಡುಗರು ಗೋಲಗುಮ್ಮಟದ ಅಭಿಮಾನದಲ್ಲಿ, ಈ ಮೂಲೆಯ ಪಿಸುಮಾತು ಆ ಮೂಲೆಗೆ ಕೇಳುವಂತೆ ಇಟ್ಟಿದ್ದರು. ಪರಿಣಾಮ ಏನಾಗಬೇಕೋ ಅದೇ ಆಯಿತು. ಒಬ್ಬರ ಮನೆಯ ಕುಕ್ಕರ್ ಸೀಟಿ, ಇನ್ನೊಬ್ಬರ ಮನೆಯ ಧಾರಾವಾಹಿ, "ಏ ತಮ್ಮಾ, ಎಮ್ಮಿಗೆ ನೀರ್ ಕುಡಿಸಿದೇನು?" ಅನ್ನುವ ಯಾರದೋ ತಾಯಿಯ ದನಿ, ಎಲ್ಲ ಸೇರಿ ಗುಮ್ಮಟ ತುಂಬಿತು. ಹಿಂದೆ ನಿಂತು ನೋಡುತ್ತಿದ್ದ ನಮ್ಮ ಅಟೆಂಡರ್ ಕಾಕಾ, "ಏನ್ ಅವತಾರರೀ ಇದು ಮೇಡಂ" ಅಂದರು. ಆ ಗೊಂಬೆಗಳಿಗೆ ಅವತಾರ್ ಅಂತಲೇ ಹೆಸರು ಅನ್ನುವುದು ಅವರಿಗೆ ಗೊತ್ತಿರಲಿಲ್ಲ.

ಮರುದಿನ ಯಾರೂ ಬರಲಿಲ್ಲ. ಅದರ ಮರುದಿನವೂ ಇಲ್ಲ. ವಾರದ ಕೊನೆಗೆ ಬಂದವನೇ ಆ ಹಳದಿ ಅಂಗಿಯ ಹುಡುಗ.

ಆಗ ನಾನು ಮೊದಲೇ ಮಾಡಬೇಕಿದ್ದ ಕೆಲಸ ಮಾಡಿದೆ. ನಮಗಿಂತ ಮುಂಚೆ ಯಾರು ಇದನ್ನು ಮಾಡಿದ್ದಾರೆ ಅಂತ ಹುಡುಕಿ ಓದಿದೆ. ಲೈಬ್ರೇರಿಯನ್ ಆಗಿ ಇದನ್ನು ಹೇಳಲು ನಾಚಿಕೆ ಆಗುತ್ತದೆ. ನಾವು ಹೊಸದು ಅಂದುಕೊಂಡಿದ್ದು ಹದಿನೆಂಟು ವರ್ಷ ಹಳೆಯದು! ಅಮೆರಿಕದ ಲಿಂಡೆನ್ ಲ್ಯಾಬ್ 2003ರಲ್ಲಿ ಸೆಕೆಂಡ್ ಲೈಫ್ ಎಂಬ ವರ್ಚುವಲ್ ಲೋಕವನ್ನು ತೆರೆಯಿತು. 2006ರಲ್ಲಿ ಇಲಿನಾಯ್ ರಾಜ್ಯದ ಅಲೈಯನ್ಸ್ ಲೈಬ್ರರಿ ಸಿಸ್ಟಮ್ ಅಲ್ಲಿ ಇನ್ಫೋ ಐಲ್ಯಾಂಡ್ ಅನ್ನುವ ದ್ವೀಪ ಕಟ್ಟಿತು. ಬೇರೆ ಬೇರೆ ಊರಿನ ಲೈಬ್ರೇರಿಯನ್‌ಗಳು ತಮ್ಮ ಕೆಲಸ ಮುಗಿಸಿ ಬಂದು, ಸಂಬಳವಿಲ್ಲದೆ, ಪಾಳಿಯ ಮೇಲೆ ಅಲ್ಲಿನ ವಿಚಾರಣಾ ಮೇಜಿನಲ್ಲಿ ಕೂರುತ್ತಿದ್ದರು. ಅವರಿಗೆ ಬರುತ್ತಿದ್ದ ಪ್ರಶ್ನೆಗಳಲ್ಲಿ ಎಷ್ಟೋ ಪುಸ್ತಕದವೇ ಅಲ್ಲ. ಇಲ್ಲಿ ಹಾರುವುದು ಹೇಗೆ, ಬಟ್ಟೆ ಎಲ್ಲಿ ಸಿಗುತ್ತದೆ, ಆ ಜಾಗಕ್ಕೆ ದಾರಿ ಯಾವುದು. ಓದಿ ನಕ್ಕುಬಿಟ್ಟೆ. ಹಳದಿ ಅಂಗಿಯ ಹುಡುಗನ ಮೇಲಿದ್ದ ಸಿಟ್ಟು ಇಳಿಯಿತು. ಹೊಸ ಊರಿಗೆ ಬಂದವರು ಮೊದಲು ದಾರಿ ಕೇಳುತ್ತಾರೆ. ದಾರಿ ಹೇಳುವುದೂ ನಮ್ಮ ಕೆಲಸವೇ ಅಲ್ವಾ?

ದುಡ್ಡಿನ ಪಾಠವೂ ಅಲ್ಲೇ ಇತ್ತು. ಆ ಲೋಕದಲ್ಲಿ ಶಿಕ್ಷಣ ಸಂಸ್ಥೆಗಳಿಗೆ ಜಾಗದ ಬೆಲೆಯಲ್ಲಿ ಅರ್ಧ ರಿಯಾಯಿತಿ ಇತ್ತು. 2011ರ ಜನವರಿಯಿಂದ ಅದನ್ನು ತೆಗೆದರು. ಹಲವು ಕಾಲೇಜುಗಳು ಜಾಗ ಖಾಲಿ ಮಾಡಿದವು. 2013ರಲ್ಲಿ ರಿಯಾಯಿತಿ ಮರಳಿತು, ಹೋದವರು ಎಲ್ಲರೂ ಮರಳಲಿಲ್ಲ. ಮೊನ್ನೆ ಮೊನ್ನೆಯ ಉದಾಹರಣೆ ಬೇಕಾದರೆ, ಮೈಕ್ರೋಸಾಫ್ಟ್ ತನ್ನ ಆಲ್ಟ್‌ಸ್ಪೇಸ್ ಲೋಕವನ್ನು 2023ರ ಮಾರ್ಚ್‌ನಲ್ಲಿ ಮುಚ್ಚಿತು. ಮೊಝಿಲ್ಲಾದ ಹಬ್ಸ್ ಅನ್ನುವ ಇಂಥದ್ದೇ ಲೋಕ 2024ರ ಮೇ ಕೊನೆಗೆ ನಿಂತಿತು. ಬಾಡಿಗೆ ಮನೆಯಲ್ಲಿ ಗೋಡೆಗೆ ಮೊಳೆ ಹೊಡೆಯುವಾಗ ಇರುವ ಎಚ್ಚರ ಇಲ್ಲೂ ಬೇಕು. ಅಂದಿನಿಂದ ನಮ್ಮ ಚಿತ್ರ, ಬೋರ್ಡು, ಲಿಂಕಿನ ಪಟ್ಟಿ ಎಲ್ಲದರ ಒಂದು ಪ್ರತಿ ಕಾಲೇಜಿನ ಕಂಪ್ಯೂಟರಿನಲ್ಲೂ ಇದೆ.

ಆದರೆ ನನ್ನ ತಲೆಯಲ್ಲಿ ಕೂತಿದ್ದು ಇನ್ನೊಂದು ಲೈಬ್ರರಿ. 2020ರ ಮಾರ್ಚ್ 12ರಂದು, ಪತ್ರಿಕಾ ಸ್ವಾತಂತ್ರ್ಯಕ್ಕಾಗಿ ಕೆಲಸ ಮಾಡುವ ರಿಪೋರ್ಟರ್ಸ್ ವಿದೌಟ್ ಬಾರ್ಡರ್ಸ್ ಸಂಸ್ಥೆ ಮೈನ್‌ಕ್ರಾಫ್ಟ್ ಅನ್ನುವ ಕಂಪ್ಯೂಟರ್ ಆಟದೊಳಗೆ ಒಂದು ಲೈಬ್ರರಿ ತೆರೆಯಿತು. ತಮ್ಮ ದೇಶದಲ್ಲಿ ಯಾರ ಬರಹಕ್ಕೆ ತಡೆ ಇತ್ತೋ ಅಂಥ ಪತ್ರಕರ್ತರ ಬರಹಗಳನ್ನು ಆಟದ ಪುಸ್ತಕಗಳಲ್ಲಿ ಇಟ್ಟರು. ಸುದ್ದಿ ತಾಣಕ್ಕೆ ಬೀಗ ಬಿದ್ದ ಕಡೆಯೂ ಆಟ ತೆರೆಯುತ್ತಿತ್ತು. ಅವರಿಗೆ ಆಟದೊಳಗೆ ಹೋಗಲು ಒಂದು ಕಾರಣ ಇತ್ತು. ನಮಗೇನಿತ್ತು? ನ್ಯಾಕ್.

ಕಪಾಟುಗಳನ್ನೇ ನೋಡಿ. ಹನ್ನೆರಡು ಕಪಾಟು ನಿಲ್ಲಿಸಿ, ಒಂದೊಂದರಲ್ಲೂ ಲಿಂಕ್ ಇಟ್ಟಿದ್ದೆವು. ವಿದ್ಯಾರ್ಥಿ ಬಾಗಿಲಿನಿಂದ ನಡೆದು, ತಿರುಗಿ, ಕಪಾಟು ಹುಡುಕಿ, ಒತ್ತಿದರೆ ಸರ್ಕಾರದ ಡಿಜಿಟಲ್ ಲೈಬ್ರರಿಯೋ ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯವೋ ತೆರೆಯುತ್ತಿತ್ತು. ಅದೇ ಲಿಂಕ್ ವಾಟ್ಸಾಪ್‌ನಲ್ಲಿ ಕಳಿಸಿದರೆ ಒಂದು ಬೆರಳಿನ ಕೆಲಸ. ರಂಗನಾಥನ್ 1931ರಲ್ಲಿ ಬರೆದ ಐದು ಸೂತ್ರಗಳಲ್ಲಿ ನಾಲ್ಕನೆಯದು ಓದುಗನ ಸಮಯ ಉಳಿಸು ಅನ್ನುತ್ತದೆ. ನಾವು ಚೆಂದಕ್ಕಾಗಿ ಅವನನ್ನು ಸುಮ್ನೆ ನಡೆಸುತ್ತಿದ್ದೆವು. ಅದೂ ಮೊಬೈಲ್‌ನಲ್ಲಿ. ಸಿಂದಗಿ, ಇಂಡಿ ಕಡೆಯ ಹಳ್ಳಿಗಳಿಂದ ಬರುವ ನಮ್ಮ ಮಕ್ಕಳ ಹತ್ತಿರ ಇರುವುದು ಮೊಬೈಲೇ. ಗುಮ್ಮಟ ಪೂರ್ತಿ ಮೂಡುವಷ್ಟರಲ್ಲಿ ಫೋನು ಬಿಸಿ ಆಗುತ್ತಿತ್ತು.

ಕಪಾಟು ಕಿತ್ತಿಸಿದೆ. ಹುಡುಗರಿಗೆ ಬೇಜಾರಾಯಿತು. ಗುಮ್ಮಟವನ್ನೂ ಸಣ್ಣದು ಮಾಡಿದೆವು. ಉಳಿದಿದ್ದು ಒಂದು ಮೇಜು, ಅದರ ಮುಂದೆ ಒಂದು ಕಟ್ಟೆ, ಪಕ್ಕದಲ್ಲಿ ಒಂದೇ ಕೋಣೆ. ಆ ಕೋಣೆಯಲ್ಲಿ ಫ.ಗು. ಹಳಕಟ್ಟಿಯವರನ್ನು ಇಟ್ಟಿದ್ದೇವೆ. ಅದಕ್ಕೂ ಒಂದು ಲೆಕ್ಕ ಇದೆ. ಹುಡುಗರು ಮೊದಲು ಸೆಮಿಸ್ಟರ್ ಪಠ್ಯಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಹಾಕಿಬಿಟ್ಟಿದ್ದರು. ಒಂದೊಂದೇ ತೆಗೆಸಬೇಕಾಯಿತು. ಪುಸ್ತಕ ಕೊಂಡು ಕಪಾಟಿನಲ್ಲಿ ಇಡುವುದು ಬೇರೆ, ಅದರ ನಕಲು ಮಾಡಿ ಊರಿಗೆಲ್ಲ ಹಂಚುವುದು ಬೇರೆ. ಲೋಕ ವರ್ಚುವಲ್ ಆದರೂ ಕಾಪಿರೈಟ್ ವರ್ಚುವಲ್ ಅಲ್ಲ. ನಮ್ಮ ಕಾನೂನಿನಲ್ಲಿ ಲೇಖಕರು ತೀರಿಕೊಂಡ ಮರುವರ್ಷದ ಮೊದಲ ದಿನದಿಂದ ಅರವತ್ತು ವರ್ಷ ಹಕ್ಕು ಇರುತ್ತದೆ. ಊರೂರು ಅಲೆದು ವಚನದ ಓಲೆಗರಿ ಕೂಡಿಸಿದ, ಅಚ್ಚು ಹಾಕಲು ಇದೇ ಊರಿನಲ್ಲಿ ಪ್ರೆಸ್ ನಡೆಸಿದ ಹಳಕಟ್ಟಿಯವರು ತೀರಿಕೊಂಡಿದ್ದು 1964ರಲ್ಲಿ. ವಚನಗಳು ಯಾವತ್ತೂ ಎಲ್ಲರವೇ. ಹಳಕಟ್ಟಿಯವರ ಸ್ವಂತ ಬರಹಗಳೂ 2025ರ ಜನವರಿ 1ರಿಂದ ಎಲ್ಲರದ್ದಾದವು. ಆ ವಾರವೇ ಕೋಣೆ ತೆರೆದೆವು. ನಮ್ಮ ಹಿಸ್ಟರಿ ಸರ್‌ಗೆ ಇದೇ ಊರಿನ ಹಳೆಯ ಅಸರ್ ಮಹಲಿನ ಕೋಣೆಯೂ ಬೇಕು. ಆದಿಲ್‌ಶಾಹಿ ಕಾಲದ ಹಸ್ತಪ್ರತಿಗಳಲ್ಲಿ ಅಲ್ಲಿ ಉಳಿದಿದ್ದವನ್ನು ಬ್ರಿಟಿಷರು ಹತ್ತೊಂಬತ್ತನೇ ಶತಮಾನದಲ್ಲಿ ಲಂಡನ್ನಿಗೆ ಸಾಗಿಸಿದರು, ಈಗಲೂ ಅವು ಅಲ್ಲೇ ಇವೆ. ನೋಡೋಣ, ಅದು ನಿಧಾನದ ಕೆಲಸ.

ಇನ್ನೊಂದು ಬದಲಾವಣೆ, ಸಮಯ. ಇಪ್ಪತ್ನಾಲ್ಕು ಗಂಟೆ ತೆರೆದ ಲೈಬ್ರರಿ ಅಂತ ಪೋಸ್ಟರ್ ಹಾಕಿದ್ದೆವು. ಯಾವಾಗ ಬಂದರೂ ಖಾಲಿ ಹಾಲ್, ಮತ್ತೆ ಯಾರು ಬರುತ್ತಾರೆ? ಪೋಸ್ಟರ್ ತೆಗೆದು 'ಮಂಗಳವಾರ, ಶುಕ್ರವಾರ, ರಾತ್ರಿ ಎಂಟೂವರೆಯಿಂದ ಒಂಬತ್ತೂವರೆ, ಮೇಡಂ ಇರ್ತಾರೆ' ಅಂತ ಬರೆದೆ. ಜೊತೆಗೆ ಇನ್ನೊಂದು ಸಾಲು: 'ನಿಮ್ಮ ಹೆಸರು ಹೇಳಬೇಕಿಲ್ಲ.' ಈ ಎರಡನೇ ಸಾಲನ್ನು ನಾನು ಹೆಚ್ಚು ಯೋಚಿಸದೆ ಬರೆದಿದ್ದೆ. ಕೆಲಸ ಮಾಡಿದ್ದು ಅದೇ.

ನಾಲ್ಕು ಜನ ಬಂದರು, ಆಮೇಲೆ ಏಳು. ಪಿಡಿಒ ಪರೀಕ್ಷೆಗೆ ಏನು ಓದಬೇಕು, ಬಸ್ಸು ನಾಲ್ಕಕ್ಕೇ ಹೋಗುತ್ತದೆ ರೆಫರೆನ್ಸ್ ಪುಸ್ತಕ ಮನೆಗೆ ಕೊಡುತ್ತೀರಾ, ಇಂಥವು. ಒಂದು ಶುಕ್ರವಾರ 'ಗುಬ್ಬಿ' ಅಂತ ಹೆಸರು ಇಟ್ಟುಕೊಂಡ ಅವತಾರ್ ಬಂತು. ಎಲ್ಲರೂ ಹೋಗುವ ತನಕ ಕಟ್ಟೆಯ ಮೇಲೆ ಕೂತಿತ್ತು. ಆಮೇಲೆ ಮೇಜಿನ ಹತ್ತಿರ ಬಂದು ಬರೆಯಿತು: "ಮೇಡಂ, ನನಗ ಇಂಗ್ಲಿಷ್ ಓದಾಕ ಬರಂಗಿಲ್ರಿ. ಡಿಗ್ರಿ ಎರಡನೇ ವರ್ಷ ಅದೀನಿ. ಎಲ್ಲಿಂದ ಶುರು ಮಾಡ್ಲಿ?"

ಹತ್ತೊಂಬತ್ತು ವರ್ಷ ಕೌಂಟರಿನ ಹಿಂದೆ ಕೂತಿದ್ದೇನೆ. ಈ ಪ್ರಶ್ನೆಯನ್ನು ಒಬ್ಬರೂ ಕೇಳಿರಲಿಲ್ಲ. ಹೇಗೆ ಕೇಳುತ್ತಾರೆ? ಹಿಂದೆ ಸಾಲಿನಲ್ಲಿ ಕ್ಲಾಸ್‌ಮೇಟ್‌ಗಳು ನಿಂತಿರುತ್ತಾರೆ.

ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ತಾಣ ತೋರಿಸಿದೆ. ಉಚಿತ. ಕಥೆಗಳನ್ನು ಓದುವ ಹಂತದ ಪ್ರಕಾರ ವಿಂಗಡಿಸಿದ್ದಾರೆ. ಎಷ್ಟೋ ಕಥೆಗಳು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಇವೆ. "ಮೊದಲ ಹಂತದ ಕಥಿ ಕನ್ನಡದಾಗ ಓದು, ಆಮ್ಯಾಲ ಅದನ್ನ ಇಂಗ್ಲಿಷಿನ್ಯಾಗ ಓದು. ದಿನಕ್ಕ ಒಂದು ಸಾಕು" ಅಂದೆ. ಮಕ್ಕಳ ಕಥೆ ಅಂತ ಗುಬ್ಬಿಗೆ ಬೇಜಾರಾಗಲಿಲ್ಲ. ಮುಂದಿನ ಮಂಗಳವಾರ ಮತ್ತೆ ಬಂತು. ಅದರ ಮುಂದಿನ ಶುಕ್ರವಾರವೂ ಬಂತು.

ಆಗ ನಾನು ತಪ್ಪು ಮಾಡಿದೆ. ಪ್ರಿನ್ಸಿಪಾಲರು ಫೈಲಿಗೆ ಚಾಟ್‌ನ ಪ್ರಿಂಟ್ ಕೇಳಿದ್ದರು. ಅದನ್ನು ಕೊಡಲಿಲ್ಲ, ಎಷ್ಟು ಜನ ಬಂದರು ಅನ್ನುವ ಲೆಕ್ಕ ಮಾತ್ರ ಕೊಟ್ಟೆ. ಯಾರು ಏನು ಓದುತ್ತಾರೆ ಅನ್ನುವುದು ಓದುಗರಿಗೆ ಬಿಟ್ಟ ವಿಷಯ, ಹೊರಗೆ ಹೋಗಬಾರದು ಅಂತ ದೊಡ್ಡದಾಗಿ ಹೇಳಿಯೂ ಬಂದೆ. ಅದೇ ದಿನ ಸ್ಟಾಫ್ ರೂಮಿನಲ್ಲಿ ಚಹಾ ಕುಡಿಯುತ್ತಾ, ನಮ್ಮ ಲೈಬ್ರರಿ ಎಷ್ಟು ಉಪಯೋಗ ಆಗುತ್ತಿದೆ ನೋಡಿ ಅನ್ನುವ ಹೆಮ್ಮೆಯಲ್ಲಿ, ಆ ಪ್ರಶ್ನೆಯನ್ನು ಹೇಳಿಬಿಟ್ಟೆ. ಹೆಸರು ಹೇಳಲಿಲ್ಲ. ನನಗೇ ಹೆಸರು ಗೊತ್ತಿರಲಿಲ್ಲ. ಒಬ್ಬರು "ಯಾರಿರಬಹುದು?" ಅಂದರು. ಇನ್ನೊಬ್ಬರು ಎರಡು ಹೆಸರು ಊಹಿಸಿದರು. ಮೂರನೆಯವರು ಕ್ಲಾಸಿನಲ್ಲಿ ಹೋಗಿ, "ನಿಮ್ಮೊಳಗ ಇಂಗ್ಲಿಷ್ ಓದಾಕ ಬರದವರು ಅದಾರಂತ, ಹೌದೇನು?" ಅಂತ ಕೇಳಿದರು. ತಮಾಷೆಗೇ ಕೇಳಿದ್ದು.

ಗುಬ್ಬಿ ಮುಂದಿನ ಮಂಗಳವಾರ ಬರಲಿಲ್ಲ. ಶುಕ್ರವಾರವೂ ಇಲ್ಲ. ಒಂಬತ್ತೂವರೆ ದಾಟಿದ ಮೇಲೂ ಕಟ್ಟೆ ನೋಡುತ್ತಾ ಕೂತಿದ್ದೆ.

ಪ್ರಿಂಟ್ ಕೊಡದಿದ್ದಕ್ಕೆ ನನ್ನನ್ನೇ ಹೊಗಳಿಕೊಂಡಿದ್ದೆ. ಪ್ರಿಂಟ್‌ನಿಂದ ಆಗಬಹುದಾಗಿದ್ದ ಹಾನಿಯನ್ನು ಬಾಯಲ್ಲೇ ಮಾಡಿದ್ದೆ. ಎಲ್ಲೆಲ್ಲಿಯ ಊರಿನವರೋ ಸೇರಿದ ಸೆಕೆಂಡ್ ಲೈಫ್‌ನಂಥ ಲೋಕದಲ್ಲಿ 'ಯಾರೋ ಒಬ್ಬರು' ಅಂದರೆ ನಿಜಕ್ಕೂ ಯಾರೋ ಒಬ್ಬರು. ನಮ್ಮ ಕಾಲೇಜಿನಲ್ಲಿ ಹಾಗಲ್ಲ. ಗೊಂಬೆಗೆ ಮುಖ ಇಲ್ಲದಿದ್ದರೂ ಕ್ಲಾಸಿಗೆ ಇದೆ. ಅಂದಿನಿಂದ ಕಾಲೇಜಿನಲ್ಲಿ ಯಾರ ಪ್ರಶ್ನೆಯನ್ನೂ ಉದಾಹರಣೆಗೂ ಹೇಳುವುದಿಲ್ಲ. ಚಾಟ್ ಅನ್ನು ಆ ರಾತ್ರಿಯೇ ಅಳಿಸುತ್ತೇನೆ. ಇಲ್ಲಿ ಬರೆದಿರುವುದರಲ್ಲೂ ಹೆಸರು, ವರ್ಷ, ಗುರುತು ಬದಲಾಯಿಸಿದ್ದೇನೆ.

ಮಂಗಳವಾರ, ಶುಕ್ರವಾರ ಈಗಲೂ ಕೂರುತ್ತೇನೆ. ಅಟೆಂಡರ್ ಕಾಕಾ ತಮಗೂ ಒಂದು ಅವತಾರ್ ಮಾಡಿಸಿಕೊಂಡಿದ್ದಾರೆ, ಬಿಳಿ ಟೋಪಿ ಹಾಕಿದ್ದು. ಬಾಗಿಲಲ್ಲಿ ನಿಂತು ಬಂದವರಿಗೆ ಹೊರಗೆ ಹೋಗುವ ದಾರಿ ಮೊದಲೇ ತೋರಿಸುತ್ತಾರೆ.

ಕಳೆದ ತಿಂಗಳು, ಇಟ್ಟಿಗೆ ಸುಣ್ಣದ ನಮ್ಮ ನಿಜವಾದ ಲೈಬ್ರರಿಗೆ ಒಬ್ಬಳು ವಿದ್ಯಾರ್ಥಿನಿ ಬಂದಳು. ಸಾಲು ಕರಗುವ ತನಕ ಪೇಪರ್ ಓದುವವಳಂತೆ ದೂರ ನಿಂತಿದ್ದಳು. ಆಮೇಲೆ ಬಂದು, "ಮೇಡಂ, ಇಂಗ್ಲಿಷ್ ಕಥಿ ಪುಸ್ತಕ ಅದಾವೇನ್ರಿ? ಭಾಳ ಸಣ್ಣ ಮಕ್ಕಳದಲ್ಲ, ಸ್ವಲ್ಪ ದೊಡ್ಡವರು ಓದೂವಂಥವು" ಅಂದಳು. "ಓ, ನೀನೇನಾ..." ಅನ್ನುವ ಮಾತು ನಾಲಿಗೆಯ ತುದಿಗೆ ಬಂತು. ನುಂಗಿಕೊಂಡೆ. ಎರಡನೇ ಸಾಲಿನ ಕೆಳಗಿನ ಕಪಾಟು ತೋರಿಸಿದೆ. ಆರಿಸಿ ತಂದ ಪುಸ್ತಕಕ್ಕೆ ತಾರೀಕಿನ ಮೊಹರು ಒತ್ತಿ, ಹದಿನೈದು ದಿನಕ್ಕೆ ತಂದುಕೊಡು ಅಂದೆ.